ಮುಚ್ಚಿದ್ದ ದಿನದ ಠಸ್ಸೆ

ಮೂವತ್ತಮೂರು ವರ್ಷಗಳು ಮೂವತ್ತಮೂರು ಆಲ್ಬಮ್ಮುಗಳಾಗಿ ಊಟದ ಮೇಜಿನ ಮೇಲೆ ಸಾಲುಗಟ್ಟಿ ನಿಂತಿದ್ದವು. ಅವುಗಳಲ್ಲಿ ಒಂದರ ಹಿಂದೊಂದಾಗಿ ಬರುವ ಹನ್ನೆರಡನ್ನು ಆರಿಸಿ ಅಂಚೆಚೀಟಿ ಪ್ರದರ್ಶನಕ್ಕೆ ಕೊಡಬೇಕೆಂದು ಠಸ್ಸೆಯಣ್ಣ ಅವುಗಳ ಮುಂದೆ ಕುಳಿತು ನಾಲ್ಕು ದಿನವಾಗಿತ್ತು. ಯಾವುದನ್ನು ಸೇರಿಸಲೇಬೇಕೆಂಬುದು ಅವನಿಗೆ ಮೊದಲ ಗಳಿಗೆಯಲ್ಲೇ ಗೊತ್ತಿತ್ತು. ಯಾವುದನ್ನು ಸೇರಿಸಲೇಬಾರದೆಂಬುದೂ ಗೊತ್ತಿತ್ತು. ಎರಡೂ ಒಂದೇ ಆಲ್ಬಮ್ಮಾಗಿದ್ದುದೇ ಅವನ ಸಂಕಟ. ಎಡದಿಂದ ಮೂರನೆಯದರ ಬೆನ್ನಿಗೆ ಕೈ ತಾಗಿದಾಗಲೆಲ್ಲ, ಒಲೆಯ ಮೇಲಿನ ಪಾತ್ರೆಯನ್ನು ಮರೆತು ಮುಟ್ಟಿದವನಂತೆ ಬೆರಳನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದನು.

"ರೀ, ಇವತ್ತಾದರೂ ಮೇಜು ಬಿಟ್ಟುಕೊಡ್ತೀರಾ, ಇಲ್ಲ ತಟ್ಟೆ ತಂದು ನಿಮ್ಮ ತಲೆ ಮೇಲೆ ಇಡ್ಲಾ?" ಎಂದು ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಇನ್ನೊಂದೇ ದಿನ ಕಣೆ."

"ನನ್ನನ್ನ ಅರ್ಧ ಗಂಟೇಲಿ ಒಪ್ಪಿಕೊಂಡ್ರಿ. ಹಳೇ ಕಾಗದದ ಚೂರು ಆರಿಸೋಕೆ ನಾಲ್ಕು ದಿನ! ಆವಾಗಲೂ ಸ್ವಲ್ಪ ಯೋಚನೆ ಮಾಡಿದ್ದಿದ್ರೆ ಇಬ್ಬರಿಗೂ ಒಳ್ಳೇದಾಗ್ತಿತ್ತು."

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದನು. ಅಂದು ನಗೆ ಬರಲಿಲ್ಲ. ಆಕೆ ಅವನ ಮುಖವನ್ನು ನೋಡಿ ಒಳಗೆ ಹೋದಳು.

ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವನು ಊರಿನ ಅಂಚೆ ಕಚೇರಿಯ ಹಿಂಬದಿಯ ಕೋಣೆಗೆ ಠಸ್ಸೆ ಹಾಕುವ ಕೆಲಸಕ್ಕೆ ಸೇರಿದ್ದನು. ನಿಂತು ಕೆಲಸ ಮಾಡುವಷ್ಟು ಎತ್ತರದ ಒಂದು ಮೇಜು, ಅದರ ಮೇಲೆ ರಬ್ಬರಿನ ಹಾಸು, ಕರಿಮಸಿಯ ದಿಂಬು, ಮರದ ಹಿಡಿಯ ಉಕ್ಕಿನ ಠಸ್ಸೆ. ಅಷ್ಟೇ ಅವನ ಲೋಕ. ಬೀದಿಬೀದಿಯ ಡಬ್ಬಿಗಳಿಂದ ಬಂದ ಕಾಗದಗಳನ್ನು ಒಂದೇ ಮುಖವಾಗಿ ಜೋಡಿಸಿಕೊಂಡು, ಒಂದು ಪೆಟ್ಟು ಮಸಿಗೆ, ಒಂದು ಪೆಟ್ಟು ಅಂಚೆಚೀಟಿಗೆ. ಟಕ್ ಧಪ್, ಟಕ್ ಧಪ್ ಎಂಬ ಆ ಸದ್ದು ಮುಂಗಟ್ಟೆಯಲ್ಲಿ ನಿಂತವರಿಗೂ ಕೇಳಿಸುತ್ತಿತ್ತು. ಆ ಸದ್ದಿನಿಂದಲೇ ಜನ ಅವನನ್ನು ಠಸ್ಸೆಯಣ್ಣನೆಂದು ಕರೆದರು. ಠಸ್ಸೆಯ ದುಂಡಿನ ನಡುವೆ ತಾರೀಖು. ಅದರ ಒಂದೊಂದು ಅಂಕಿಯೂ ಜೋಳದ ಕಾಳಿನಷ್ಟು ದಪ್ಪದ ಲೋಹದ ಅಚ್ಚು. ದಿನವೂ ಬೆಳಿಗ್ಗೆ ಪೋಸ್ಟ್‌ಮಾಸ್ಟರರ ಕಣ್ಣೆದುರಿಗೆ ಹಿಂದಿನ ದಿನದ ಅಂಕಿಯನ್ನು ಚಿಮಟದಿಂದ ಕಿತ್ತು, ಹೊಸ ಅಂಕಿಯನ್ನು ಕೂರಿಸಿ, ಮಾದರಿ ಪುಸ್ತಕದಲ್ಲಿ ಒಂದು ಅಚ್ಚು ಒತ್ತಿ, ಅವರ ಸಹಿ ಪಡೆಯಬೇಕೆಂಬುದು ನಿಯಮ.

ಅವನ ಸಂಗ್ರಹವು ಹುಟ್ಟಿದ್ದು ಆ ದುಂಡಿನಿಂದ. ದೂರದೇಶಗಳ ಬಣ್ಣದ ಚೀಟಿಗಳ ಮೇಲೆ ಅವನಿಗೆ ಆಸೆಯಿರಲಿಲ್ಲ. ತಾನೇ ಹೊಡೆದ ಠಸ್ಸೆ, ಅಂಚೆಚೀಟಿಯ ಒಡಲಿನಿಂದ ಒಂದು ಕೂದಲಿನಷ್ಟೂ ಹೊರಗೆ ಚಾಚದಂತೆ, ಪೂರ್ತಿ ದುಂಡಾಗಿ ಬಿದ್ದಿರಬೇಕು. ಅಂಥದೊಂದು ಚೀಟಿ ವರ್ಷದ ಪ್ರತಿಯೊಂದು ದಿನಕ್ಕೂ ಇರಬೇಕು. ಇದೇ ಅವನ ವ್ರತ. ಊರಿನ ನೂಲಿನ ಗಿರಣಿಯವರು ಬಿಸಾಡುತ್ತಿದ್ದ ಲಕೋಟೆಗಳ ಕಟ್ಟುಗಳನ್ನು ಬೇಡಿ ತರುವನು. ಮೂಲೆಗಳನ್ನು ಕತ್ತರಿಸಿ ಬೋಗುಣಿಯ ನೀರಿನಲ್ಲಿ ನೆನೆಸುವನು. ಅಂಟು ಬಿಟ್ಟು ತೇಲಿದ ಚೀಟಿಗಳನ್ನು ಹೀರುಕಾಗದದ ನಡುವೆ ಒಣಗಿಸುವನು. ತಿಂಗಳಿಗೊಂದು ಹಾಳೆ, ದಿನಕ್ಕೊಂದು ಚೌಕ. ಕಚೇರಿಗೆ ರಜೆಯಿದ್ದ ದಿನದ ಚೌಕದಲ್ಲಿ ಪೆನ್ಸಿಲ್ಲಿನಿಂದ 'ಮುಚ್ಚಿತ್ತು' ಎಂದು ಬರೆದು ಖಾಲಿ ಬಿಡುವನು. ಹದಿನಾಲ್ಕು ವರ್ಷ ಹೀಗೆ ಕೈಯಲ್ಲಿ ಹೊಡೆದನು. ಹದಿನೈದನೆಯ ವರ್ಷದಲ್ಲಿ ಕಚೇರಿಗೆ ಯಂತ್ರ ಬಂದಿತು. ಅಲ್ಲಿಂದ ಮುಂದಿನ ಚೀಟಿಗಳ ಮೇಲೆಲ್ಲ ಯಂತ್ರ ಎಳೆದ ಅಲೆ ಅಲೆಯಾದ ಗೆರೆಗಳು. ಮನಸ್ಸಿಲ್ಲದಿದ್ದರೂ ನಿವೃತ್ತನಾಗುವವರೆಗೆ ಅವನ್ನೂ ಕೂಡಿಸುತ್ತ ಬಂದನು.

ಮೂರನೆಯ ವರ್ಷದ ಒಂದು ತಿಂಗಳಿನಲ್ಲಿ, ಇಪ್ಪತ್ತೆರಡನೆಯ ತಾರೀಖಿನ ಚೌಕದಲ್ಲಿ ಅವನ ಮೂವತ್ತೈದು ವರ್ಷಗಳ ನೆಮ್ಮದಿ ಹೂತುಹೋಗಿತ್ತು.

ನಡೆದದ್ದು ಇಷ್ಟೆ. ಬೆಳಗಿನ ನೂಕುನುಗ್ಗಲಿನಲ್ಲಿ ಆ ಕಾಳಿನಂಥ ಅಚ್ಚುಗಳೊಡನೆ ಹೆಣಗುವುದು ಬೇಡವೆಂದು, ಯಾರೂ ಕಾಣದಂತೆ ಹಿಂದಿನ ಸಂಜೆಯೇ ಮರುದಿನದ ಅಂಕಿಯನ್ನು ಕೂರಿಸಿಡುವ ಕಳ್ಳ ಅಭ್ಯಾಸವೊಂದು ಅವನಿಗೆ ಅಂಟಿಕೊಂಡಿತ್ತು. ಇಪ್ಪತ್ತೊಂದನೆಯ ತಾರೀಖಿನ ಸಂಜೆಯೂ ಆರು ಗಂಟೆಗೆ ಕೊನೆಯ ಚೀಲ ಮುಗಿಯಿತೆಂದುಕೊಂಡು, ಒಂದರ ಅಚ್ಚನ್ನು ಕಿತ್ತು ಎರಡರ ಅಚ್ಚನ್ನು ಕೂರಿಸಿ ಕೈ ತೊಳೆದನು. ಆದರೆ ದರ್ಜಿಗಳ ಬೀದಿಯ ಡಬ್ಬಿಯ ಚೀಲ ಇನ್ನೂ ಬಂದಿರಲಿಲ್ಲ. ಡಬ್ಬಿ ತೆಗೆಯುವವನ ಸೈಕಲ್ಲಿನ ಚಕ್ರ ದಾರಿಯಲ್ಲಿ ಪಂಕ್ಚರಾಗಿತ್ತು. ಆರೂವರೆಗೆ ಅವನು ಬೆವರು ಒರೆಸಿಕೊಳ್ಳುತ್ತ ತಂದು ಸುರಿದ ನಲವತ್ತು ಕಾಗದಗಳಿಗೆ ಠಸ್ಸೆಯಣ್ಣ ಮನೆಗೆ ಹೋಗುವ ಆತುರದಲ್ಲಿ ಟಕ್ ಧಪ್ ಎಂದು ಹೊಡೆದು ಗಾಡಿಗೆ ಹಾಕಿದನು. ಅಚ್ಚು ಬದಲಿಸಿದ್ದು ಅವನ ಮನಸ್ಸಿಗೇ ಬರಲಿಲ್ಲ. ಮುಂದೆಯೂ ಬರುತ್ತಿರಲಿಲ್ಲವೇನೋ, ಆದರೆ ಆ ರಾತ್ರಿ ನಾಡಿನ ಹಿರಿಯ ಮುಖಂಡರೊಬ್ಬರು ತೀರಿಕೊಂಡು, ಮರುದಿನ, ಇಪ್ಪತ್ತೆರಡರಂದು, ಎಲ್ಲ ಕಚೇರಿಗಳೂ ಮುಚ್ಚಿದವು. ಆ ತಾರೀಖಿನ ಚೌಕದಲ್ಲಿ ಅವನು ಎಂದಿನಂತೆ 'ಮುಚ್ಚಿತ್ತು' ಎಂದು ಬರೆದುಕೊಂಡನು.

ಮೂರು ತಿಂಗಳ ಬಳಿಕ, ಗಿರಣಿಯ ಲಕೋಟೆಗಳನ್ನು ನೆನೆಸಿದ್ದ ಬೋಗುಣಿಯಲ್ಲಿ, ಪೂರ್ತಿ ದುಂಡಿನ ಒಂದು ಚೀಟಿ ತೇಲಿ ಬಂದಿತು. ತಾರೀಖು ಇಪ್ಪತ್ತೆರಡು. ಕಚೇರಿಯ ಬಾಗಿಲೇ ತೆರೆಯದ ದಿನದ ಠಸ್ಸೆ! ಒಂದು ಗಳಿಗೆ ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದೊಡನೆ ನೀರಿನಲ್ಲಿದ್ದ ಕೈ ಅಲ್ಲೇ ತಣ್ಣಗಾಯಿತು.

ಏಕೆಂದರೆ ಅಷ್ಟರಲ್ಲಿ ಅವನ ಮನೆಯಿಂದ ಎರಡು ಮನೆ ಆಚೆಗಿದ್ದ ದರ್ಜಿಯ ಸಂಸಾರ ಒಡೆದುಹೋಗಿತ್ತು. ದರ್ಜಿಯ ಮಗ ಭೂಮಾಪಕರ ತರಬೇತಿಗೆ ಅರ್ಜಿ ತುಂಬಿ, ಅಂಚೆಗೆ ಹಾಕಲು ತಂದೆಯ ಕೈಗೆ ಕೊಟ್ಟಿದ್ದನು. ಇಪ್ಪತ್ತೊಂದು ಕಡೆಯ ದಿನ. ಆ ಸಂಜೆಯೇ ದರ್ಜಿಗಳ ಬೀದಿಯ ಡಬ್ಬಿಗೆ ಹಾಕಿದೆನೆಂದು ದರ್ಜಿ ಹೇಳಿದರು. 'ಅರ್ಜಿಯನ್ನು ಗಡುವು ಮೀರಿ ಅಂಚೆಗೆ ಹಾಕಿರುವುದರಿಂದ ಪರಿಗಣಿಸಲಾಗುವುದಿಲ್ಲ' ಎಂದು ಆ ಕಡೆಯಿಂದ ಒಂದು ಸಾಲಿನ ಉತ್ತರ ಬಂದಿತು. ಠಸ್ಸೆಯಲ್ಲಿ ಯಾವ ತಾರೀಖಿತ್ತೆಂಬುದನ್ನು ಅವರು ಬರೆದಿರಲಿಲ್ಲ. ಅಂಗಡಿಯಲ್ಲಿ ಹರಟೆ ಹೊಡೆಯುತ್ತ ಕುಳಿತು ಮರೆತದ್ದಲ್ಲದೆ ಮೇಲೊಂದು ಸುಳ್ಳೆಂದು ಮಗ ಕೂಗಾಡಿದನು. ನಾನು ಸುಳ್ಳುಗಾರನಲ್ಲವೆಂದು ತಂದೆ ಕೂಗಾಡಿದರು. ಮರುವರ್ಷಕ್ಕೆ ವಯಸ್ಸಿನ ಮಿತಿಯೂ ದಾಟಿ, ಮಗ ಮನೆಬಿಟ್ಟು ಹೋಗಿ, ಪೇಟೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಹಾಕಿದನು. ಬೆರಳಿನಿಂದ ಅಂಟು ಎಂದೂ ಬಿಡದ ಕಾರಣ ಪೇಟೆಯವರಿಗೆ ಅವನು ಅಂಟಪ್ಪನಾದನು. ಅಂದಿನಿಂದ ಇಂದಿನವರೆಗೆ ತಂದೆಮಕ್ಕಳ ನಡುವೆ ನೇರವಾದ ಒಂದು ಮಾತಿಲ್ಲ. ಹೇಳುವುದೇನಿದ್ದರೂ ಅಂಟಪ್ಪನ ತಂಗಿಯ ಮೂಲಕ. "ಅವರಿಗೆ ಹೇಳು", "ಅವನಿಗೆ ಹೇಳು".

ಹೇಳಬೇಕಾದವನು ಠಸ್ಸೆಯಣ್ಣ. ಆದರೆ ಅಂದು ಅವನಿಗೆ ಮದುವೆಯಾಗಿ ಎಂಟು ತಿಂಗಳು. "ನಿನ್ನ ಹಿಂದೆ ಇದ್ದವನನ್ನ ಒಂದು ತಾರೀಖಿನ ತಪ್ಪಿಗೇ ಮನೆಗೆ ಕಳಿಸಿದೀನಿ, ಗೊತ್ತಲ್ಲ?" ಎಂದು ಪೋಸ್ಟ್‌ಮಾಸ್ಟರರು ಸೇರಿದ ದಿನವೇ ಕಿವಿಗೆ ಹಾಕಿದ್ದರು. ಭಯವು ಅವನ ಬಾಯಿಗೆ ಬೀಗ ಹಾಕಿತು. ಮೊದಲು ಕೆಲಸದ ಭಯ. ಆಮೇಲೆ, ಇಷ್ಟು ದಿನ ಏಕೆ ಹೇಳಲಿಲ್ಲವೆಂದು ಕೇಳಿದರೇನು ಗತಿಯೆಂಬ ಭಯ. ಕಡೆಗೆ, ಅಂಟಪ್ಪನೇ ಆಪ್ತನಾಗಿ, ಆಲ್ಬಮ್ಮುಗಳನ್ನೆಲ್ಲ ತನ್ನ ಕೈಯಾರೆ ಕಟ್ಟಿಕೊಟ್ಟು, ಅಣ್ಣಾ ಎಂದು ಕರೆಯತೊಡಗಿದ ಮೇಲೆ, ಆ ಕರೆಯನ್ನು ಕಳೆದುಕೊಳ್ಳುವ ಭಯ. ಚೀಟಿಯನ್ನು ಸುಡಲು ಅವನಿಂದಾಗಲಿಲ್ಲ. ದರ್ಜಿ ನಿಜ ಹೇಳಿದ್ದರೆಂಬುದಕ್ಕೆ ಜಗತ್ತಿನಲ್ಲಿ ಉಳಿದಿದ್ದ ಸಾಕ್ಷಿ ಅದೊಂದೇ. ಮುಚ್ಚಿದ್ದ ದಿನದ ಠಸ್ಸೆ ಹಿಂದಿನ ಸಂಜೆಯ ಚೀಲದ ಮೇಲಲ್ಲದೆ ಬೇರೆಲ್ಲಿಯೂ ಬೀಳಲಾರದು. ತೋರಿಸಲೂ ಆಗದು, ಸುಡಲೂ ಆಗದು. ಆದ್ದರಿಂದ 'ಮುಚ್ಚಿತ್ತು' ಎಂಬ ಬರಹದ ಮೇಲೆಯೇ ಅದನ್ನು ಸಣ್ಣದೊಂದು ಅಂಟುಕಾಗದದಿಂದ ನಿಲ್ಲಿಸಿ ಆಲ್ಬಮ್ಮು ಮುಚ್ಚಿದನು. ಮುಂದಿನ ಮೂವತ್ತು ವರ್ಷ ಅವನು ಅಚ್ಚನ್ನು ಬೆಳಿಗ್ಗೆಯಲ್ಲದೆ ಮುಟ್ಟಲಿಲ್ಲ. "ತಾರೀಖಿನ ವಿಷಯದಲ್ಲಿ ಠಸ್ಸೆಯಣ್ಣ ದೇವರಂಥವನು" ಎಂದು ಕಚೇರಿಯವರು ಹೊಗಳುವರು. ಆಗೆಲ್ಲ ಅವನು ನೀರು ಕುಡಿಯಲು ಎದ್ದು ಹೋಗುವನು.

ಆ ಮಧ್ಯಾಹ್ನ ಅಂಟಪ್ಪನೇ ಬಂದನು. ಅಂಚೆಚೀಟಿ ಸಂಗ್ರಾಹಕರ ಸಂಘಕ್ಕೆ ಅವನೇ ಕಾರ್ಯದರ್ಶಿ. ಪ್ರದರ್ಶನದ ಹೊರೆಯೆಲ್ಲ ಅವನ ತಲೆಯ ಮೇಲೆ.

"ಅತ್ತಿಗೆ, ಅಣ್ಣ ಇನ್ನೂ ಬದುಕಿದಾನಾ?" ಎಂದು ಕೂಗುತ್ತಲೇ ಒಳಗೆ ಬಂದು ಕುರ್ಚಿ ಎಳೆದುಕೊಂಡನು.

"ಆಲ್ಬಮ್ ತೆರೀತಾರೆ, ಮುಚ್ತಾರೆ, ನಿಟ್ಟುಸಿರು ಬಿಡ್ತಾರೆ. ಇದಕ್ಕೆ ಬದುಕು ಅಂತ ನೀನು ಹೆಸರಿಟ್ರೆ ಇಟ್ಕೋಪ್ಪ" ಎಂದಳು ಆಕೆ.

"ಎಲ್ಲಣ್ಣಾ ಪಟ್ಟಿ? ನಾಡಿದ್ದು ಚೌಕಟ್ಟುಗಳಿಗೆ ಗಾಜು ಹಾಕಬೇಕು."

ಠಸ್ಸೆಯಣ್ಣನು ಪಟ್ಟಿಯನ್ನು ಮುಂದೆ ಸರಿಸಿದನು. ನಾಲ್ಕನೆಯ ವರ್ಷದಿಂದ ಹದಿನೈದನೆಯ ವರ್ಷದವರೆಗೆ ಎಂದು ಅದರಲ್ಲಿ ಬರೆದಿತ್ತು. ಅಂಟಪ್ಪ ಅದನ್ನು ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದನು.

"ಹದಿನೈದು ಯಂತ್ರದ ವರ್ಷ ಅಲ್ವಾ?"

"ಹೌದು."

"ಹನ್ನೊಂದು ವರ್ಷ ಕೈಠಸ್ಸೆ, ಬಾಲಕ್ಕೆ ಒಂದು ವರ್ಷ ಯಂತ್ರದ ಗೆರೆ! ರೇಷ್ಮೆ ಸೀರೆಗೆ ಗೋಣಿಚೀಲದ ಅಂಚು ಹಾಕ್ದಂಗಿರುತ್ತೆ. ಮೂರರಿಂದ ಹದಿನಾಲ್ಕು ಕೊಡಣ್ಣ. ಲೆಕ್ಕಕ್ಕೆ ಸರಿ ಹನ್ನೆರಡು, ಪೂರ್ತಿ ನಿನ್ನ ಕೈದೇ."

"ಮೂರನೇ ವರ್ಷದ್ದು... ಅಷ್ಟು ಚೆನ್ನಾಗಿಲ್ಲ. ಮಸಿ ಹರಡಿದೆ."

"ಯಾರಿಗೆ ಹೇಳ್ತೀಯ? ಅದಕ್ಕೆ ರಟ್ಟು ಕಟ್ಟಿದ್ದು ನಾನು. ಎರಡನೇದರಲ್ಲಿ ಮಸಿ ಹರಡಿದೆ, ಮೂರನೇದು ಕನ್ನಡಿ ಥರ ಇದೆ." ಅಂಟಪ್ಪ ಕೈಚಾಚಿದನು. ಅವನ ಬೆರಳು ಮೂರನೆಯದರ ಬೆನ್ನನ್ನು ಮುಟ್ಟುವ ಮೊದಲೇ ಠಸ್ಸೆಯಣ್ಣ ತನ್ನ ಅಂಗೈಯನ್ನು ಅದರ ಮೇಲಿಟ್ಟನು.

"ನಾಳೆ. ನಾಳೆ ನಾನೇ ಅಂಗಡಿಗೆ ತರ್ತೀನಿ."

ಅಂಟಪ್ಪ ಹುಬ್ಬೇರಿಸಿದನು. "ಸರಿ ಬಿಡು. ಆದರೆ ಹುಷಾರಾಗಿ ನೋಡಿಕೊಂಡು ತಾ. ತೀರ್ಪು ಕೊಡೋಕೆ ಬರ್ತಿರೋರು ಹಳೇ ಅಂಚೆ ಅಧೀಕ್ಷಕರು. ರಜೆ ದಿನದ ಪಟ್ಟಿ ಇಟ್ಕೊಂಡು ಒಂದೊಂದು ತಾರೀಖೂ ತಾಳೆ ನೋಡ್ತಾರಂತೆ. ನಿನಗೇನು ಭಯ! ನಿನ್ನ ತಾರೀಖಲ್ಲಿ ಬೆರಳಿಡೋ ಗಂಡು ಇನ್ನೂ ಹುಟ್ಟಿಲ್ಲ."

ಅವನು ಹೋದ ಮೇಲೆ ಠಸ್ಸೆಯಣ್ಣ ಮೂರನೆಯ ಆಲ್ಬಮ್ಮನ್ನು ತೆರೆದನು. ಸುಲಭವಾದ ದಾರಿಯೊಂದು ಕಣ್ಣ ಮುಂದೆಯೇ ಇತ್ತು. ಆ ಚೀಟಿಯನ್ನು ಕಿತ್ತುಬಿಟ್ಟರೆ ಕೆಳಗೆ 'ಮುಚ್ಚಿತ್ತು' ಎಂಬ ಅಕ್ಷರ ಹಾಗೇ ಇದೆ. ಅದು ನಿಜವೂ ಹೌದು. ಅಧೀಕ್ಷಕರು ತಾಳೆ ನೋಡಿ ತಲೆದೂಗುವರು. ಚಿಮಟ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಅವನು ಚೀಟಿಯನ್ನು ಬಿಡಿಸಿದನು. ಬಿಡಿಸಿದ ಮೇಲೆ ಅದನ್ನೆಲ್ಲಿಡುವುದು? ಮೇಜಿನ ಡ್ರಾಯರಿನಲ್ಲಿಟ್ಟರೆ ಹೆಂಡತಿ ಗುಡಿಸುವಾಗ ಗಾಳಿಗೆ ಹಾರೀತು. ಪುಸ್ತಕದೊಳಗಿಟ್ಟರೆ ತಾನು ಸತ್ತ ಮೇಲೆ ಹಳೆಯ ಕಾಗದದ ಜೊತೆ ತೂಕಕ್ಕೆ ಹೋದೀತು. ಉಗುರಿನಷ್ಟು ಕಾಗದವನ್ನು ಚಿಮಟದ ತುದಿಯಲ್ಲಿ ಹಿಡಿದು ಅವನು ಕೋಣೆಯಿಂದ ಕೋಣೆಗೆ ತಿರುಗಿದನು. ಕೊನೆಗೆ ಕನ್ನಡಕದ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದನು.

"ಸುಮ್ಮನೆ ಮನೆ ಅಳೆಯೋ ಬದಲು ಈ ಅಂಗಿ ತಗೊಂಡು ಹೋಗಿ" ಎಂದು ಹೆಂಡತಿ ಅಂಗಿಯೊಂದನ್ನು ಅವನ ತೋಳಿಗೆ ಹಾಕಿದಳು. "ಮೂರು ಗುಂಡಿ ಬಿದ್ದಿವೆ. ದರ್ಜಿಯಜ್ಜನ ಹತ್ರ ಹಾಕಿಸ್ಕೊಂಡು ಬನ್ನಿ. ಕೈಗೆ ಕೆಲಸ ಸಿಕ್ರೆ ಆ ಜೀವಕ್ಕೂ ಸಮಾಧಾನ."

ಬೇಡವೆನ್ನಲು ಕಾರಣ ಸಿಕ್ಕಲಿಲ್ಲ. ಹಿಂದಿನ ಬೀದಿಯಲ್ಲಿದ್ದ ತಮ್ಮ ಮಗಳ ಮನೆಯ ಮುಂಗೋಣೆಯಲ್ಲಿ, ಕಿಟಕಿಯ ಬೆಳಕಿಗೆ ಮುಖಮಾಡಿ ಎಂಬತ್ತಮೂರು ವರ್ಷದ ದರ್ಜಿ ಕುಳಿತಿದ್ದರು. ಕಣ್ಣು ಮಂಜಾಗಿದ್ದರೂ ಸೂಜಿಯ ಕಣ್ಣನ್ನು ಬೆರಳಿನಿಂದ ಹುಡುಕಿ ದಾರ ಪೋಣಿಸುವಷ್ಟು ಕೈ ಚುರುಕಾಗಿತ್ತು. ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದು, "ಬಾರಪ್ಪ ಠಸ್ಸೆ, ಕೂತ್ಕೊ" ಎಂದರು. ಅಂಗಿಯ ಮೇಲೆ ಕೈಯಾಡಿಸಿ, "ಇದನ್ನ ಹೊಲಿದವನು ಯಾರೋ? ಗುಂಡಿ ಹಾಕಿಲ್ಲ, ನೇತು ಹಾಕಿದಾನೆ!" ಎಂದು ನಕ್ಕರು. ಮೊದಲ ಗುಂಡಿ ಹಾಕಿ ದಾರಕ್ಕೆ ಗಂಟು ಬಿಗಿದರು.

"ಒಂದು ವಿಷಯ ಕೇಳ್ಲಾ? ಮಗಳಿಗೂ ಹೇಳಿಲ್ಲ."

"ಹೇಳಿ."

"ಆ ಅರ್ಜಿ ವಿಷಯ ಕಣಪ್ಪ. ಹಾಕ್ದೆ, ಹಾಕ್ದೆ ಅಂತ ಇಷ್ಟು ವರ್ಷ ಎದೆ ತಟ್ಟಿಕೊಂಡು ಹೇಳ್ತಾ ಬಂದೆ. ಈಗೀಗ ನಂಗೇ ಅನುಮಾನ. ಡಬ್ಬಿ ಬಾಯಿ ನೆನಪಿದೆ, ಒಳಗೆ ಬಿದ್ದ ಸದ್ದು ನೆನಪಿದೆ. ಆದರೆ ಅದು ಆ ಸಂಜೇದೋ, ಬೇರೆ ಯಾವತ್ತಿಂದೋ? ಅಂಗಡಿ ಮುಚ್ಚೋ ಆತುರದಲ್ಲಿ ಜೇಬಲ್ಲೇ ಉಳಿದಿತ್ತೇನೋ." ಅವರು ದಾರವನ್ನು ಹಲ್ಲಿನಿಂದ ಕಡಿದರು. "ನೀನು ಆ ಕೆಲಸ ಮಾಡಿದವನು, ನೀನೇ ಹೇಳು. ಸರ್ಕಾರದ ಠಸ್ಸೆ ಸುಳ್ಳು ಹೇಳುತ್ತಾ?"

ಠಸ್ಸೆಯಣ್ಣ ಆಡಬೇಕಾಗಿದ್ದುದು ಹೇಳುತ್ತದೆ ಎಂಬ ಒಂದೇ ಒಂದು ಮಾತು. ಅದು ಗಂಟಲಿನವರೆಗೆ ಬಂದು, ಅಲ್ಲಿಂದ ಇನ್ನೇನೋ ಆಗಿ ಹೊರಬಿದ್ದಿತು. "ಇನ್ನೆರಡು... ಇನ್ನೆರಡು ಗುಂಡಿ ಇವೆ ಅಜ್ಜ."

"ಹಾಕ್ತೀನಿ, ಹಾಕ್ತೀನಿ. ಹೂಂ, ಠಸ್ಸೆ ಸುಳ್ಳು ಹೇಳಲ್ಲ ಅಲ್ವಾ? ನಂಗೊತ್ತು. ಹಾಗಾದ್ರೆ ಮರೆತವನು ನಾನೇ." ಎರಡನೆಯ ಗುಂಡಿಯನ್ನು ಬೆರಳಿನಲ್ಲಿ ಉರುಳಿಸುತ್ತ ಅವರು ದನಿ ತಗ್ಗಿಸಿದರು. "ಪ್ರದರ್ಶನದ ದಿನ ಮಗಳು ಕರ್ಕೊಂಡು ಹೋಗ್ತಾಳೆ. ನಾಲ್ಕು ಜನ ಇರ್ತಾರೆ, ಎದ್ದು ಹೋಗೋಕಾಗಲ್ಲ ಅವನಿಗೆ. ಎಲ್ಲರ ಮುಂದೆ ಹೇಳಿಬಿಡ್ತೀನಿ. ತಪ್ಪು ನಂದೇ, ಸುಳ್ಳು ಹೇಳ್ದೆ ಮಗನೇ, ಕ್ಷಮಿಸು ಅಂತ. ದೇವರು ಕರೆಯೋಕೆ ಮುಂಚೆ ಒಂದು ಸಲ ಅವನ ಬಾಯಲ್ಲಿ ಅಪ್ಪ ಅನ್ನಿಸ್ಕೋಬೇಕು. ಅದಕ್ಕೆ ಸುಳ್ಳುಗಾರ ಅಂತ ಒಪ್ಪಿಕೊಂಡ್ರೂ ಚಿಂತೆಯಿಲ್ಲ."

ಠಸ್ಸೆಯಣ್ಣ ಗುಂಡಿ ಹಾಕಿ ಮುಗಿದ ಅಂಗಿಯನ್ನು ಮಡಚಿಕೊಳ್ಳುವುದನ್ನೂ ಮರೆತು ಬೀದಿಗೆ ಬಂದನು. ಇಷ್ಟು ವರ್ಷ ಅವನು ಹೆದರಿದ್ದು ತನಗೇನಾದೀತೆಂದು. ಈಗ ಹುಟ್ಟಿದ ಭಯವೇ ಬೇರೆ. ತಾನು ಬಾಯಿ ಮುಚ್ಚಿಕೊಂಡಿದ್ದುದರಿಂದ, ತಪ್ಪೇ ಮಾಡದ ಒಬ್ಬ ವೃದ್ಧರ ನೆನಪೇ ಅವರ ಮೇಲೆ ತಿರುಗಿ ಬಿದ್ದಿತ್ತು. ಮಾಡದ ತಪ್ಪನ್ನು ಮಾಡಿದೆನೆಂದು ಅವರು ನಂಬಿದ್ದರು. ಇನ್ನೈದು ದಿನಕ್ಕೆ ಅದನ್ನು ನಾಲ್ಕು ಜನರ ಮುಂದೆ ನುಡಿಯುವವರಿದ್ದರು. ಆ ಮಾತನ್ನು ಒಮ್ಮೆ ಆಡಿದರೆ ಮುಗಿಯಿತು. ಆಮೇಲೆ ತಾನು ಎಷ್ಟು ಕೂಗಿಕೊಂಡರೂ ಅದನ್ನು ಅಳಿಸಲಾಗದು. ಮೇಲಿರುವವನು ನೋಡುತ್ತಿದ್ದಾನೆಂಬುದು ಎಂದೂ ಅವನ ಅರಿವಿನಲ್ಲಿದ್ದ ಸಂಗತಿಯೇ. ಆದರೆ ಅಂದು, ಹಗಲು ಬೆಳಕಿನ ಆ ಸಾಧಾರಣ ಬೀದಿಯಲ್ಲಿ, ತರಕಾರಿ ಗಾಡಿಯನ್ನೂ ಒಣಹಾಕಿದ ಬಟ್ಟೆಗಳನ್ನೂ ದಾಟಿ ನಡೆಯುವಾಗ, ಆ ನೋಟ ತನ್ನ ಬೆನ್ನಿನ ಮೇಲೆಯೇ ನೆಟ್ಟಿರುವಂತೆ ಅವನಿಗನಿಸಿತು.

ಮನೆಗೆ ಬಂದವನು ಕನ್ನಡಕದ ಡಬ್ಬಿಯಿಂದ ಚೀಟಿಯನ್ನು ತೆಗೆದು, ಹೊಸ ಅಂಟುಕಾಗದ ಹಚ್ಚಿ, ಇಪ್ಪತ್ತೆರಡನೆಯ ಚೌಕದಲ್ಲಿ ಮತ್ತೆ ನಿಲ್ಲಿಸಿದನು. ಮೂರು ಸಲ ಓರೆಯಾಯಿತು. ಪಟ್ಟಿಯಲ್ಲಿ 'ನಾಲ್ಕರಿಂದ ಹದಿನೈದು' ಎಂಬುದನ್ನು ಹೊಡೆದುಹಾಕಿ 'ಮೂರರಿಂದ ಹದಿನಾಲ್ಕು' ಎಂದು ಬರೆದನು.

"ಮುಗೀತಾ?" ಎಂದಳು ಹೆಂಡತಿ.

"ವರ್ಷ ಆರಿಸಿದ್ದು ಮುಗೀತು."

"ಹಾಗಾದ್ರೆ ಮುಖ ಯಾಕೆ ಹಾಗಿದೆ?"

ಅವನು ಆಕೆಯನ್ನು ಎದುರಿಗೆ ಕೂರಿಸಿ, ಮೊಟ್ಟಮೊದಲ ಬಾರಿಗೆ, ಎಲ್ಲವನ್ನೂ ಹೇಳಿದನು. ಕೇಳಿ ಮುಗಿಸಿ ಆಕೆ ಎದ್ದು, "ನಾಳೆ ಬೆಳಿಗ್ಗೆ ಮೊದಲು ಅವನ ಅಂಗಡಿಗೆ ಹೋಗಿ. ತಿಂಡಿ ವಾಪಸ್ ಬಂದ ಮೇಲೆ" ಎಂದಳು. ಜೊತೆಗೆ ಬರುತ್ತೇನೆಂದು ಹೇಳಲಿಲ್ಲ.

ಅಂಟಪ್ಪನ ಅಂಗಡಿಯಲ್ಲಿ ಗೋಂದಿನ ಹುಳಿವಾಸನೆ. ಹಲಗೆಗಳ ನಡುವೆ ಪುಸ್ತಕಗಳನ್ನು ಒತ್ತುವ ಕಬ್ಬಿಣದ ತಿರುಪಿನ ಯಂತ್ರ ಒಂದು ಕಡೆ. ನೆಲದ ಮೇಲೆ ರಟ್ಟಿನ ಚೂರುಗಳು. ಅಂಟಪ್ಪ ಕೈಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಂಡು ಆಲ್ಬಮ್ಮನ್ನು ಇಸಿದುಕೊಂಡನು. ಭೂತಗಾಜು ಹಿಡಿದು ಒಂದೊಂದೇ ಹಾಳೆಯನ್ನು ತಿರುಗಿಸತೊಡಗಿದನು.

"ಅಬ್ಬ, ಏನ್ ದುಂಡು ಅಣ್ಣ! ಕೈವಾರ ಹಿಡಿದು ಬರೆದಂಗಿದೆ."

ಹಾಳೆಗಳು ತಿರುಗಿದವು. ಆ ತಿಂಗಳು ಬಂದಿತು. ಭೂತಗಾಜು ಮೊದಲ ಸಾಲಿನ ಮೇಲೆ ಹರಿಯಿತು, ಎರಡನೆಯ ಸಾಲಿನ ಮೇಲೆ ಹರಿಯಿತು. ಗಾಜು ಇಪ್ಪತ್ತೊಂದನ್ನು ದಾಟಿತು, ಇಪ್ಪತ್ತೆರಡನ್ನು ದಾಟಿತು, ಎಲ್ಲಿಯೂ ನಿಲ್ಲದೆ ಹಾಳೆಯ ಕೊನೆಗೆ ಹೋಯಿತು. "ಇದಕ್ಕೆ ಬೆಳ್ಳಿ ಪದಕ ಖಂಡಿತ" ಎಂದು ಅಂಟಪ್ಪ ಹಾಳೆಯನ್ನು ಮಗುಚಿದನು.

ಅವನಿಗೆ ಕಾಣಿಸಿರಲಿಲ್ಲ. ಮೂವತ್ತೈದು ವರ್ಷದ ಹಿಂದೆ ಯಾವ ದಿನ ಕಚೇರಿ ಮುಚ್ಚಿತ್ತೆಂದು ಯಾರಿಗೆ ನೆನಪಿದ್ದೀತು? ಬಾಗಿಲು ಎರಡೇ ಹೆಜ್ಜೆ ದೂರದಲ್ಲಿತ್ತು. ಸುಮ್ಮನಿದ್ದರೆ ಸಾಕಾಗಿತ್ತು. ಜೀವಮಾನವಿಡೀ ಅವನು ಮಾಡಿದ್ದು ಅದನ್ನೇ.

"ಹಿಂದಿನ ಹಾಳೆ ತಿರುಗಿಸು" ಎಂದು ಯಾರೋ ಹೇಳಿದರು. ಆ ಯಾರೋ ತಾನೇ ಎಂದು ಠಸ್ಸೆಯಣ್ಣನಿಗೆ ತುಸು ತಡವಾಗಿ ತಿಳಿಯಿತು.

"ಯಾಕಣ್ಣ?"

"ಇಪ್ಪತ್ತೆರಡು. ಆ ಚೀಟೀನ ಎತ್ತಿ ನೋಡು."

ಅಂಟಪ್ಪ ಚಿಮಟದ ತುದಿಯಿಂದ ಚೀಟಿಯನ್ನು ಬಾಗಿಲಿನಂತೆ ಎತ್ತಿದನು. ಕೆಳಗೆ ಮಾಸಿದ ಪೆನ್ಸಿಲ್ಲಿನ ಅಕ್ಷರ. "ಮುಚ್ಚಿತ್ತು" ಎಂದು ಓದಿದನು. ಚೀಟಿಯನ್ನು ಕೆಳಗಿಳಿಸಿ ತಾರೀಖು ಓದಿದನು. ಮತ್ತೆ ಎತ್ತಿದನು. "ಏನಿದು? ಮುಚ್ಚಿದ್ದ ದಿನ ಠಸ್ಸೆ ಹೊಡೆದವರು ಯಾರು?"

"ನಾನು. ಹಿಂದಿನ ಸಂಜೆ. ಇಪ್ಪತ್ತೊಂದಕ್ಕೆ. ದರ್ಜಿಗಳ ಬೀದಿಯ ಡಬ್ಬಿಯ ಚೀಲ."

ಆಮೇಲಿನದನ್ನು ಅವನು ನೆಲವನ್ನು ನೋಡುತ್ತ ಹೇಳಿದನು. ಹೇಳಿ ಮುಗಿಸಿದಾಗ ಅಂಟಪ್ಪ ಭೂತಗಾಜನ್ನು ಕೆಳಗಿಟ್ಟನು.

"ಚೀಲ ಎಷ್ಟು ಗಂಟೆಗೆ ಬಂತು?"

"ಆರೂವರೆಗೆ."

"ಎಷ್ಟು ಕಾಗದ?"

"ನಲವತ್ತು."

"ನಿನಗೆ ಯಾವಾಗಿಂದ ಗೊತ್ತು?"

"ಆಗಿನಿಂದಲೇ. ಮೂರು ತಿಂಗಳಾದ ಮೇಲೆ."

"ನನ್ನ ಅಂಗಡೀಲಿ ಕೂತು ಟೀ ಕುಡೀತಾ, ಅಪ್ಪನ್ನ ನಾನು ಬೈಯೋದನ್ನ ಕೇಳಿಸ್ಕೊಂಡಿದೀಯ" ಎಂದನು ಅಂಟಪ್ಪ. ದನಿ ಏರಲಿಲ್ಲ, ಏರಿದ್ದರೆ ಠಸ್ಸೆಯಣ್ಣನಿಗೆ ಅಷ್ಟು ಭಯವಾಗುತ್ತಿರಲಿಲ್ಲ. "ಹೌದು, ಹೌದು ಅಂತ ತಲೆ ಬೇರೆ ಆಡಿಸಿದೀಯ."

ರಟ್ಟು ಕತ್ತರಿಸುವ ಉದ್ದನೆಯ ಚಾಕುವನ್ನು ಅವನು ಕೈಗೆ ತೆಗೆದುಕೊಂಡನು. ಠಸ್ಸೆಯಣ್ಣ ಗೋಡೆಗೆ ಒರಗಿದನು. ಅಂಟಪ್ಪ ಅವನ ಕಡೆ ನೋಡಲೇ ಇಲ್ಲ. ಉಕ್ಕಿನ ಪಟ್ಟಿಯನ್ನು ಹಾಳೆಯ ಬುಡಕ್ಕೆ ಇಟ್ಟು, ತಾನೇ ಹೊಲಿದ ಹೊಲಿಗೆಯ ಪಕ್ಕದಲ್ಲಿ, ಒಂದೇ ಎಳೆತಕ್ಕೆ ಆ ತಿಂಗಳನ್ನು ಆಲ್ಬಮ್ಮಿನಿಂದ ಕತ್ತರಿಸಿ ತೆಗೆದನು. ಹನ್ನೆರಡು ವರ್ಷಗಳ ಸಾಲು ಅಲ್ಲಿಗೆ ಮುರಿಯಿತು.

"ಇದು ನಿಂದಲ್ಲ" ಎಂದು ಹೇಳಿ, ಹಾಳೆಯನ್ನು ಎರಡು ರಟ್ಟುಗಳ ನಡುವೆ ಇಟ್ಟುಕೊಂಡು, ಅಂಗಡಿಯನ್ನು ತೆರೆದೇ ಬಿಟ್ಟು ಬೀದಿಗಿಳಿದನು.

ಠಸ್ಸೆಯಣ್ಣ ಹಿಂದೆಯೇ ಹೊರಟನು. ಜೊತೆಯಾಗಿ ನಡೆಯುವ ಧೈರ್ಯವಿಲ್ಲ, ಮನೆಗೆ ಹೋಗುವ ಧೈರ್ಯವೂ ಇಲ್ಲ. ಇಪ್ಪತ್ತು ಹೆಜ್ಜೆ ಹಿಂದೆ, ಅಂಟಪ್ಪನ ಬೆನ್ನನ್ನೇ ನೋಡುತ್ತ ನಡೆದನು. ಆ ಬೆನ್ನು ತಂಗಿಯ ಮನೆಯ ಮೆಟ್ಟಿಲನ್ನೇರಿ, ಕದ ತಟ್ಟದೆ ಒಳಗೆ ಹೋಯಿತು. ಇವನು ಗೇಟಿನ ಬಳಿ ನಿಂತನು. ಕಿಟಕಿ ತೆರೆದಿತ್ತು. ಒಳಗಿನಿಂದ ಅಂಟಪ್ಪನ ದನಿ ಬಂದಿತು. ಇವನು ಎಂದೂ ಕೇಳದ, ಒಡೆದ ದನಿ. "ಅಪ್ಪಾ, ಕೈ ಕೊಡಿ. ಇಲ್ಲಿ, ಇದರ ಮೇಲೆ ಬೆರಳಿಡಿ." ಬಹಳ ಹೊತ್ತು ಅವನು ಏನೋ ಹೇಳುತ್ತಲೇ ಇದ್ದನು. ಅದು ನಿಂತ ಮೇಲೆ ವೃದ್ಧರ ಮಾತು ಸ್ಪಷ್ಟವಾಗಿ ಬೀದಿಗೆ ಬಂದಿತು.

"ಹಾಗಾದ್ರೆ ನಾನು ಮರೀಲಿಲ್ವಾ?"

"ಇಲ್ಲಪ್ಪ."

"ಸುಳ್ಳೂ ಹೇಳಲಿಲ್ಲ?"

ಒಳಗೆ ಅಂಟಪ್ಪನ ಹೆಜ್ಜೆ ಸರಿದ ಸದ್ದು ಕೇಳಿಸಿತು.

ಠಸ್ಸೆಯಣ್ಣ ಗೇಟಿನ ಸರಳನ್ನು ಹಿಡಿದೇ ನಿಂತಿದ್ದನು. ಓಡಿಹೋಗಬೇಕೆಂದು ಕಾಲು ಹೇಳುತ್ತಿತ್ತು. ಅಷ್ಟರಲ್ಲಿ ಕದ ತೆರೆದು ಅಂಟಪ್ಪನ ತಂಗಿ ಹೊರಗೆ ಬಂದಳು. ಸೆರಗಿನಿಂದ ಮುಖ ಒರೆಸಿಕೊಂಡು, ಅವನನ್ನು ನೋಡಿ, ಬೈಯಲೂ ಇಲ್ಲ, ನಗಲೂ ಇಲ್ಲ.

"ಒಳಗೆ ಬರಬೇಕಂತೆ. ಅಪ್ಪ ಕರೀತಿದಾರೆ."

ಅವನು ಚಪ್ಪಲಿ ಬಿಟ್ಟು ಒಳಗೆ ಹೋದನು. ಅಂಟಪ್ಪ ಗೋಡೆಗೆ ಮುಖಮಾಡಿ ನಿಂತಿದ್ದನು, ತಿರುಗಲಿಲ್ಲ. ದರ್ಜಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಎರಡೂ ಅಂಗೈಗಳನ್ನು ಹರಡಿದ್ದರು. ಮಂಜುಗಣ್ಣು ಬಾಗಿಲ ಕಡೆಗೆ ನೆಟ್ಟಿತ್ತು. ಅದರಲ್ಲಿ ಕೋಪವಿದೆಯೋ ಕರುಣೆಯಿದೆಯೋ ತಿಳಿಯುವಂತಿರಲಿಲ್ಲ.

"ಕೂತ್ಕೊ" ಎಂದರು. "ಇವನು ಹೇಳಿದ್ದು ಕೇಳ್ದೆ. ಈಗ ನೀನು ಹೇಳು. ಮೊದಲಿಂದ ಹೇಳು. ಒಂದನ್ನೂ ಬಿಡಬೇಡ."

ಠಸ್ಸೆಯಣ್ಣ ಅವರ ಎದುರಿಗೆ ನೆಲದ ಮೇಲೆ ಕುಳಿತನು. ಮೊದಲಿನಿಂದ ಆರಂಭಿಸಿದನು.

"ಇಪ್ಪತ್ತೊಂದನೇ ತಾರೀಖು, ಸಂಜೆ ಆರು ಗಂಟೆ. ಕೊನೇ ಚೀಲ ಮುಗೀತು ಅಂದ್ಕೊಂಡೆ..."